ವೆಲ್ಡ್ ಮಾಡಿದ ಸೀಟು

ಬೇಗ ಸುತ್ತು ಮುಗಿಸಿದವರಿಗೇ ಈ ಸ್ಪೋರ್ಟ್ಸ್ ಕಾರು ಎಂದು ಅಪ್ಪ ಹೇಳಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಅದೇ ಕಾರನ್ನು ಒಬ್ಬರಾದ ಮೇಲೊಬ್ಬರು ಓಡಿಸುವಂತೆ ಅಣ್ಣ-ತಂಗಿಯರ ನಡುವೆ ಸ್ಪರ್ಧೆ. ಆರೂವರೆ ಅಡಿ ಎತ್ತರದ ಅಣ್ಣ ಕಾರನ್ನು ಗ್ಯಾರೇಜಿಗೆ ತಂದ.

"ತಲೆ ಟಾಪಿಗೆ ಹೊಡೀತಿದೆ. ಸೀಟು ತಗ್ಗಿಸಿ, ಪೂರ್ತಿ ಹಿಂದಕ್ಕೆ ತಳ್ಳಿ ವೆಲ್ಡ್ ಮಾಡು."

"ವೆಲ್ಡ್ ಮಾಡಿದ್ರೆ ಮತ್ತೆ ಮುಂದಕ್ಕೆ ಬರಲ್ಲ ಸಾರ್. ನಿಮ್ಮ ತಂಗಿ ಮೇಡಂಗೆ ಕಾಲು ಎಟುಕಲ್ಲ," ಎಂದ ಮೆಕ್ಯಾನಿಕ್.

"ಎಟುಕಬಾರದು ಅಂತಾನೇ ಹೇಳ್ತಿರೋದು! ನೀನೇನು ಅವಳ ವಕೀಲನಾ?"

ಸಂಜೆ ಐದಡಿ ಎತ್ತರದ ತಂಗಿ ಗ್ಯಾರೇಜಿಗೆ ಬಂದಳು. ಸೀಟಿನಲ್ಲಿ ಕೂತು ಕಾಲು ಚಾಚಿದಳು. ಪೆಡಲ್ ಇನ್ನೂ ಗೇಣುದ್ದ ದೂರವಿತ್ತು. ಅವಳ ಮುಖ ಕೆಂಪಾಯಿತು.

"ಸೋಲ್ತೀನಿ ಅನ್ನೋ ಭಯಕ್ಕೆ ಇಂಥಾ ಕೆಲಸ! ನಾಚಿಕೆ ಆಗಲ್ವಾ ಅವನಿಗೆ?"

"ಸೀಟು ಕಿತ್ತುಹಾಕ್ಲಾ ಮೇಡಂ?"

"ಬೇಡ. ಅವನು ಹೇಳಿದ ಹಾಗೇ ಇರ್ಲಿ," ಎಂದು ಹಲ್ಲು ಕಡಿದಳು.

ಬೆಳಿಗ್ಗೆ ಅಪ್ಪನೆದುರು ಅಣ್ಣ ಕಾರಿನೊಳಗೆ ತೂರಿಕೊಂಡ. ಮೊಣಕಾಲುಗಳು ಸ್ಟೇರಿಂಗಿನ ಕೆಳಗೆ ಸಿಕ್ಕಿಹಾಕಿಕೊಂಡವು.

"ನನ್ನ ಸೀಟು ಮುಟ್ಟಿದ್ದು ಯಾರು?" ಎಂದು ಕಿರುಚಿದ.

"ಸೀಟು ಯಾರೂ ಮುಟ್ಟಿಲ್ಲ ಕಣೋ," ಎಂದು ತಂಗಿ ಹೆಲ್ಮೆಟ್ ಬಿಗಿದುಕೊಂಡಳು. "ಸ್ಟೇರಿಂಗು, ಪೆಡಲ್ಲು ಎರಡನ್ನೂ ಹಿಂದಕ್ಕೆ ತರಿಸಿ ವೆಲ್ಡ್ ಮಾಡಿಸಿದೀನಿ. ಇಳಿ."