ನಿಲ್ಲದ ಲಿಫ್ಟ್

ಲಿಫ್ಟಿನ ಬಾಗಿಲ ಗಾಜಿನಲ್ಲಿ ಮಗಳ ಅಂಗೈ ಕಂಡಿತು, ಮೇಲಕ್ಕೇರಿ ಮರೆಯಾಯಿತು. "ಅಮ್ಮಾ, ದರ್ವಾಜಾ ಖೋಲೋ ನಾ!" ಬಾಗಿಲು ತೆರೆ ಎಂಬ ಧನ್ಯಾಳ ಕೂಗು ಮಾತ್ರ ಕೆಳಗೆ ಉಳಿಯಿತು. ಶಾಲೆಗೆ ರಜೆಯೆಂದು ಅಮ್ಮನ ಜೊತೆ ಘಾಜಿಯಾಬಾದಿನ ಸಣ್ಣ ಲಿಫ್ಟ್ ಕಾರ್ಖಾನೆಗೆ ಬಂದಿದ್ದ ಆರು ವರ್ಷದ ಹುಡುಗಿ, ಪರೀಕ್ಷೆಗೆಂದು ಓಡಿಸುತ್ತಿದ್ದ ಲಿಫ್ಟಿನೊಳಗೆ ಆಡುತ್ತ ಹೊಕ್ಕಿದ್ದಳು. ಅದನ್ನು ಓಡಿಸುವ ಪ್ರೋಗ್ರಾಮ್ ಬರೆದವಳು ಅಮ್ಮ ಮನೋರಮಾ.

"ಕೆಂಪು ಗುಂಡಿ ಒತ್ತು ಪುಟ್ಟಾ!"

"ಒತ್ತಿದೆ ಅಮ್ಮಾ, ರುಕ್ತಾ ಹೀ ನಹೀ!"

ಲಿಫ್ಟ್ ಕೆಳಗೆ ಬಂತು, ನಿಲ್ಲದೆ ಮತ್ತೆ ಏರಿತು. ಸಹೋದ್ಯೋಗಿ ಯಶವಂತ್ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು, "ಕರೆಂಟ್ ತೆಗೀಲಾ ಮೇಡಂ?" ಎಂದ.

"ಬೇಡ, ನಡುವೆ ಕತ್ತಲಲ್ಲಿ ಸಿಕ್ಕಿಕೊಳ್ತಾಳೆ."

ಮಗಳಿಗೆ ಬೆನ್ನು ಮಾಡದೆ ಕಂಪ್ಯೂಟರಿನ ಪರದೆ ಓದುವಂತಿರಲಿಲ್ಲ. ಮನೋರಮಾ ತಿರುಗಿದಳು. ಹಿಂದೆ ಅಳು ಏರುತ್ತಿತ್ತು, ಇಳಿಯುತ್ತಿತ್ತು. ಅವಳು ಹಲ್ಲು ಕಚ್ಚಿ ಒಂದೊಂದೇ ಸಾಲು ಓದಿದಳು. ಕೆಂಪು ಗುಂಡಿಗೆಂದು ತಾನೇ ಬರೆದ 'ಬ್ರೇಕ್' ಎಂಬ ಆದೇಶ ಅಲ್ಲಿತ್ತು. ಅದು ಪ್ರೋಗ್ರಾಮಿನ ಒಳಗಿನ 'ಸ್ವಿಚ್' ಎಂಬ ಕವಲಿನಿಂದ ಮಾತ್ರ ಹೊರಬರುತ್ತಿತ್ತು; ಅದರ ಸುತ್ತಲಿನ 'ಲೂಪ್' ಎಂಬ ಸುತ್ತು ಹಾಗೇ ತಿರುಗುತ್ತ ಲಿಫ್ಟಿಗೆ ಮತ್ತೆ ಹೋಗು ಎನ್ನುತ್ತಿತ್ತು. 'ಬ್ರೇಕ್' ಅಳಿಸಿ, ಎರಡರಿಂದಲೂ ಹೊರಬರುವ 'ರಿಟರ್ನ್' ಎಂದು ಬರೆಯುವಾಗ ಬೆರಳು ಮತ್ತೆ ಮತ್ತೆ ತಪ್ಪಿತು. ಕೊನೆಗೆ ಹೊಸ ಪ್ರೋಗ್ರಾಮ್ ಹಾಕಿ, ಪರದೆಯಿಂದ ಕಣ್ಣು ಕೀಳದೆಯೇ ಕೂಗಿದಳು: "ಈಗ ಒತ್ತು!"

ಲಿಫ್ಟ್ ಕೆಳಗೆ ಬಂದು ನಿಂತಿತು, ಬಾಗಿಲು ತೆರೆಯಿತು. ಮನೋರಮಾ ಓಡಿಹೋಗಿ ಮಂಡಿಯೂರಿ ತೋಳು ಚಾಚಿದಳು. ಧನ್ಯಾ ಮೂಲೆ ಬಿಟ್ಟು ಬರಲಿಲ್ಲ.

"ನಾನು ಕರೀತಾನೇ ಇದ್ದೆ," ಎಂದಳು ಬಿಕ್ಕುತ್ತ. "ನೀನ್ಯಾಕೆ ಆ ಕಡೆ ತಿರುಗಿದೆ?"