ಒಂದು ಭತ್ತದ ಕಾಳು ಮುಂದಕ್ಕೆ

ಯಾರೋ ಮತ್ತೆ ಕೈಯಾಡಿಸಿದ್ದರು.

ದುರ್ಗಪ್ಪ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದವನು ಹಾಗೇ ನಿಂತ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೂ ಅದು ಕೂತ ಎಂಜಿನ್ನಿಗೂ ಸೇರುವಂತೆ ಅವನೇ ಉಳಿಯಿಂದ ಒಂದು ಗೆರೆ ಗೀರಿದ್ದ. ಮೇಲಿನ ಗೆರೆ, ಕೆಳಗಿನ ಗೆರೆ ಒಂದೇ ನೇರಕ್ಕಿರಬೇಕು. ಇವತ್ತು ಮೇಲಿನದು ಒಂದು ಭತ್ತದ ಕಾಳಿನಷ್ಟು ಮುಂದಕ್ಕೆ ಸರಿದಿತ್ತು. ಈ ವಾರದಲ್ಲಿ ಇದು ಮೂರನೇ ಸಲ.

ತಾನಾಗಿ ಸರಿಯಿತೇ? ಓಡುವಾಗ ಕಿಡಿಯನ್ನು ಬೇಕಾದಷ್ಟೇ ಬೇಗ ಹಾರಿಸುವ ವ್ಯಾಕ್ಯೂಮ್ ಡಬ್ಬಿಯ ಮೇಲೆ ಅವನಿಗೆ ಮೊದಲು ಗುಮಾನಿ ಬಂತು. ಅದರ ತಾಮ್ರದ ಕೊಳವೆ ಬಿಚ್ಚಿ, ತುದಿ ಬಾಯಿಗಿಟ್ಟು ಹೀರಿದ. ಡಬ್ಬಿಯ ಕಡ್ಡಿ ಸಲೀಸಾಗಿ ಒಳಗೆ ಸರಿಯಿತು, ಉಸಿರು ಬಿಟ್ಟಾಗ ಸಲೀಸಾಗಿ ಹಿಂದೆ ಬಂತು. ಡಬ್ಬಿಯದು ತಪ್ಪಿಲ್ಲ. ಯಾರೋ ಬೋಲ್ಟು ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನೇ ತಿರುಗಿಸಿ, ಅಚ್ಚುಕಟ್ಟಾಗಿ ಮತ್ತೆ ಬಿಗಿದಿದ್ದರು. ಬೋಲ್ಟಿನ ಮೇಲೆ ದುರ್ಗಪ್ಪನದೇ ಇಕ್ಕಳದ ಹಲ್ಲಿನ ಗುರುತು ಬಿಟ್ಟರೆ ಬೇರೆ ಗಾಯವಿಲ್ಲ. ಕಸುಬು ಬಲ್ಲವನ ಕೈ, ಸರಿಯಾದ ಅಳತೆಯ ಪಾನಾ. ಬೋಲ್ಟು ಬಿಚ್ಚುವ ಆ ಅಳತೆಯ ಸಣ್ಣ ಪಾನಾ ದುರ್ಗಪ್ಪನ ಪೆಟ್ಟಿಗೆಯಿಂದ ಕಾಣೆಯಾಗಿ ಎಂಟು ದಿನವಾಗಿತ್ತು.

ಭತ್ತದ ಕಾಳೆಂದು ನಗಬೇಡಿ. ಯುದ್ಧಕಾಲ; ಕುಮಟೆಯಲ್ಲಿ ಹೊಸ ಬ್ಯಾಟರಿ ಕಣ್ಣಿಗೂ ಬೀಳುತ್ತಿರಲಿಲ್ಲ. ಹಳೆಯದರಲ್ಲಿ ಉಳಿದ ಶಕ್ತಿ ಕಿಡಿಗೆ ಮಾತ್ರ ಸಾಕು, ಕಾರನ್ನು ಮುಂದಿನಿಂದ ಹ್ಯಾಂಡಲ್ ತಿರುಗಿಸಿಯೇ ಎಬ್ಬಿಸಬೇಕು. ಗೆರೆ ಅಷ್ಟು ಸರಿದರೂ ಕಿಡಿ ಹೊತ್ತಿಗೆ ಮುಂಚೆ ಹಾರುತ್ತದೆ; ಹಾರಿತೋ, ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿ ಹಿಡಿದವನ ಮಣಿಕಟ್ಟು ಮುರಿಯಿತೆಂದೇ ತಿಳಿಯಿರಿ. ಆ ಹ್ಯಾಂಡಲ್ ತಿರುಗಿಸುವವನು ದುರ್ಗಪ್ಪನ ಒಬ್ಬನೇ ಮಗ ದಾಸ.

ಕಾರು ಊರಿನ ಡಾಕ್ಟರರದು, ದಾಸ ಅದರ ಡ್ರೈವರ್. ಡಾಕ್ಟರು ಧಾರವಾಡಕ್ಕೆ ಹೋಗಿದ್ದರಿಂದ ಕಾರು ಈ ವಾರ ದುರ್ಗಪ್ಪನ ಶೆಡ್ಡು ಬಿಟ್ಟಿರಲಿಲ್ಲ. ಸೋಮವಾರದ ಪರೀಕ್ಷೆಗೆ ಅಣಿಯಾಗಿರಲೆಂದು ಅಪ್ಪ ಮಗ ದಿನಾ ಬೆಳಿಗ್ಗೆ ಅದನ್ನು ಎಬ್ಬಿಸಿ ನೋಡುತ್ತಿದ್ದರು, ಅಷ್ಟೇ. ಸೋಮವಾರ ಮಿಲಿಟರಿ ಸಾಹೇಬ ಡ್ರೈವರನ್ನು ಆರಿಸಲು ಬರುವವನಿದ್ದ. ಈ ಸಲ ಬೇಕಾದದ್ದು ಒಬ್ಬನೇ. ದಾಸನ ಹೆಸರು ಬರೆಸಿದ್ದು ದುರ್ಗಪ್ಪನೇ. ಸರ್ಕಾರಿ ಸಂಬಳ, ಮೈಮೇಲೆ ಖಾಕಿ, ಊರಲ್ಲಿ ಮರ್ಯಾದೆ! ಕೇಳಿದಾಗ ದಾಸ "ಆತು ಅಪ್ಪಾ" ಎಂದಿದ್ದ. ಅಪ್ಪನೆದುರು ಅವನ ಬಾಯಿಗೆ ಬರುತ್ತಿದ್ದ ಮಾತು ಅದೊಂದೇ.

ಪಟ್ಟಿಯ ಎರಡನೇ ಹೆಸರು ಹೊನ್ನಾವರದ ಬಸ್ಸು ಓಡಿಸುವ ರಮಾನಂದನದು. ಅವನೂ ದುರ್ಗಪ್ಪನ ಶೆಡ್ಡಿನಲ್ಲೇ ಕೆಲಸ ಕಲಿತವನು. ದಾಸನ ಕೈ ಮುರಿದರೆ ಜಾಗ ಯಾರಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಲು ದುರ್ಗಪ್ಪನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ಅವನು ಹಲ್ಲು ಕಚ್ಚಿ ಕೆಲಸಕ್ಕಿಳಿದ. ಮೊದಲ ಸಿಲಿಂಡರಿನ ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿದ. ಡಿಸ್ಟ್ರಿಬ್ಯೂಟರಿನೊಳಗೆ ಕೂಡಿ ಬಿಡುವ ಪಾಯಿಂಟುಗಳ ನಡುವೆ ಸಿಗರೇಟು ಪ್ಯಾಕಿನ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಡಿಸ್ಟ್ರಿಬ್ಯೂಟರನ್ನು ತಿರುಗಿಸಿದ. ಕಾಗದ ಜಾರಿದ ಗಳಿಗೆಯೇ ಕಿಡಿ ಹಾರುವ ಗಳಿಗೆ. ಇಕ್ಕಳದಿಂದ ಬೋಲ್ಟು ಬಿಗಿದ. ಗೆರೆಗೆ ಗೆರೆ ಕೂಡಿತು.

ದಾಸ ಬಂದ. ನಿದ್ದೆಗೆಟ್ಟ ಕಣ್ಣು.

"ಇವತ್ತೂ ನೋಡ್ದ್ಯಾ ಅಪ್ಪಾ?"

"ನೋಡದೆ ಎಂತ? ನಾ ಇರೂವರೆಗೆ ನಿನ್ನ ಕೈಗೆ ಎಂತದೂ ಆಗೂಕೆ ಬಿಡೂದಿಲ್ಲ."

ದಾಸ ತಲೆ ತಗ್ಗಿಸಿದ. ಅಪ್ಪ ಹ್ಯಾಂಡಲ್ ಒರೆಸಿ ಅವನತ್ತ ಚಾಚಿದ.

"ಆತು," ಎಂದು ದಾಸ ಹ್ಯಾಂಡಲ್ ಹಿಡಿದ.

"ಹೆಬ್ಬೆರಳಾ! ಎಷ್ಟು ಸಲ ಹೇಳೂದು ಮಾರಾಯಾ, ಸುತ್ತಿ ಹಿಡೀಬೇಡ!"

ಮೀಸೆ ಮೂಡುವ ಮೊದಲೇ ಕಲಿತ ಪಾಠ ದಾಸನಿಗೆ ಈ ವಾರ ಮರೆತೇ ಹೋಗಿತ್ತು. ಪರೀಕ್ಷೆಯ ಗಾಬರಿ ಇರಬೇಕು. ಅರ್ಧ ಸುತ್ತಿಗೇ ಎಂಜಿನ್ನು ಎದ್ದು ಹಾಡತೊಡಗಿತು.

ಮಧ್ಯಾಹ್ನ ಚಾದಂಗಡಿಯಲ್ಲಿ ದುರ್ಗಪ್ಪ ಎಲ್ಲರೆದುರೇ ರಮಾನಂದನ ಮರ್ಯಾದೆ ಕಳೆದ. ಪಾನಾ ಕದ್ದವನು, ಗುರುವಿನ ಮಗನ ಕೈ ಮುರಿಯಲು ಹೊರಟವನು ಎಂದೆಲ್ಲ ಕೂಗಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ರಮಾನಂದ ಹೆಗಲು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತ ದಾಸ ಅಂಗಿಯ ಕಿಸೆ ಮುಟ್ಟಿಕೊಂಡ. ಬೀಡಿ ಹುಡುಕುತ್ತಿರಬೇಕೆಂದು ದುರ್ಗಪ್ಪ ಅತ್ತ ಲಕ್ಷ್ಯ ಕೊಡಲಿಲ್ಲ.

"ನಾನಲ್ಲ ದುರ್ಗಪ್ಪಣ್ಣ," ಎಂದ ರಮಾನಂದ. "ನನ್ನ ಹೆಸ್ರು ಬರ್ಸಿದ್ದೂ ನಮ್ಮ ಬಸ್ಸಿನ ಸಾವ್ಕಾರ್ರು. ಬರ್ಮಾಕ್ಕೆ ಹೋಗಿ ಸಾಯೂಕೆ ನಂಗೆಂತ ಅವಸರ?"

ಕಳ್ಳನ ಮಾತಿಗೆ ಬೆಲೆ ಕೊಡುವವರು ಯಾರು?

ಸೋಮವಾರ ಬೆಳಿಗ್ಗೆ ಗೆರೆ ಎರಡು ಕಾಳು ಸರಿದಿತ್ತು. ಸಾಹೇಬ ಬರುವ ಮೊದಲೇ ದುರ್ಗಪ್ಪ ಕಾಗದ ಸಿಕ್ಕಿಸಿ, ತಿರುಗಿಸಿ, ಬಿಗಿದು ಬಾನೆಟ್ಟು ಮುಚ್ಚಿದ. ಸಾಹೇಬ ಬಂದ ಮೇಲೆ ದಾಸ ಬಂದು ಹ್ಯಾಂಡಲ್ ಹಿಡಿದ. ಮತ್ತೆ ಹೆಬ್ಬೆರಳು ಸುತ್ತಿಯೇ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯ ಭಾರವೆಲ್ಲ ಹಾಕಿ ತಿರುಗಿಸಿದ.

ಅರ್ಧ ಸುತ್ತು. ಎಂಜಿನ್ನು ಎದ್ದಿತು.

"ಶಾಭಾಸ್!" ಎಂದ ಸಾಹೇಬ. ದಾಸ ತನ್ನ ಬಲಗೈಯನ್ನೇ ನೋಡುತ್ತ ನಿಂತಿದ್ದ. ದುರ್ಗಪ್ಪ ಜನರೆದುರೇ ಕಣ್ಣೊರೆಸಿಕೊಂಡ. ಜೀವಮಾನದಲ್ಲಿ ಇಷ್ಟು ನಿಖರವಾಗಿ ಅವನು ಕಿಡಿಯ ಟೈಮಿಂಗ್ ಕೂಡಿಸಿರಲಿಲ್ಲ.

ಮೂರನೇ ದಿನ ದಾಸ ಹೊರಟ. "ಆತು ಅಪ್ಪಾ," ಎಂದ, ಅಷ್ಟೇ. ಅವನು ಬಿಚ್ಚಿಟ್ಟ ಅಂಗಿಯನ್ನು ತಾಯಿ ಗಂಗಿ ತೊಳೆಯಲಿಲ್ಲ. ಮಗನ ಬೆವರ ವಾಸನೆ ಹೋದೀತೆಂದು ಹಾಗೇ ಗೂಟಕ್ಕೆ ತೂಗುಹಾಕಿದಳು, ಯಾರಿಗೂ ಮುಟ್ಟಗೊಡಲಿಲ್ಲ. ಅಂದಿನಿಂದ ಕಾರಿನ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಜಾಗ ಕೈತಪ್ಪಿದ ಮೇಲೆ ಕಳ್ಳನಿಗೆ ಇಲ್ಲೇನು ಕೆಲಸ ಎಂದುಕೊಂಡ ದುರ್ಗಪ್ಪ. ರಮಾನಂದನ ಮುಖವನ್ನು ಮತ್ತೆ ನೋಡಲಿಲ್ಲ.

ಮುಂದಿನ ವರ್ಷ ಬರ್ಮಾ ಗಡಿಯಿಂದ ತಂತಿ ಬಂತು. ದಾಸ ಓಡಿಸುತ್ತಿದ್ದ ಲಾರಿಯ ಮೇಲೆ ಬಾಂಬು ಬಿದ್ದಿತ್ತು. ಸುಡಲು ದೇಹವೂ ಸಿಗಲಿಲ್ಲ. ಹನ್ನೊಂದನೇ ದಿನ ಗಂಗಿ ಅಂಗಿಯನ್ನು ಗೂಟದಿಂದ ಇಳಿಸಿದಳು. ಇನ್ನು ವಾಸನೆ ಕಾದಿಟ್ಟು ಮಾಡುವುದೇನು? ನೀರಿಗೆ ಹಾಕುವ ಮೊದಲು ಕಿಸೆಗೆ ಕೈ ಹಾಕಿದವಳು ತಡೆದು ನಿಂತಳು.

"ಹೋಯ್, ಇದು ನಿಮ್ಮದಲ್ದಾ?" ಎಂದು ಗಂಡನ ಅಂಗೈಯಲ್ಲಿಟ್ಟಳು, ಅವನು ಊರೆಲ್ಲ ಹುಡುಕಿದ್ದ ಆ ಸಣ್ಣ ಪಾನಾವನ್ನು.