ಸೆರಗಿನ ಮೊಟ್ಟೆ

ತಾಯಂದಿರ ನಾಲಿಗೆಯ ರುಚಿ, ಹೊಟ್ಟೆಯ ಹಸಿವು ದೂರದಲ್ಲಿರುವ ಮಕ್ಕಳಿಗೂ ನೇರವಾಗಿ ತಲುಪತೊಡಗಿದ ಮೇಲೆ ಶಾಲೆಗಳಿಂದ ಇಂಥ ಫೋನು ಬರುವುದು ಮಾಮೂಲಾಗಿತ್ತು.

"ಊಟ ಆಯ್ತಾ ಭಾಗ್ಯಮ್ಮ?" ಎಂದು ಕೇಳಿದರು ಮಗಳ ಟೀಚರ್.

ಗಾರ್ಮೆಂಟ್ಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಕೂತಿದ್ದ ಭಾಗ್ಯಮ್ಮ ರೂಢಿಯಂತೆ "ಆಯ್ತು ಮೇಡಂ" ಎಂದಳು.

"ಸುಳ್ಳು ಹೇಳ್ಬೇಡಿ. ಬಿಸಿಯೂಟ ಮಾಡಿದ್ರೂ ಇಂಚರಳ ಹೊಟ್ಟೆ ಗುರುಗುಡೋದು ಇಡೀ ಕ್ಲಾಸಿಗೆ ಕೇಳಿಸ್ತಿದೆ. ಬೆಳಿಗ್ಗೆಯಿಂದ ಬಾಯಲ್ಲಿ ಬರೀ ಟೀ ರುಚಿ ಅಂತಾಳೆ."

ಕ್ಯಾಂಟೀನಿನಲ್ಲಿ ಕೊಟ್ಟ ಬೇಯಿಸಿದ ಮೊಟ್ಟೆಯನ್ನು ಭಾಗ್ಯಮ್ಮ ದಿನವೂ ಮಗಳಿಗೆಂದು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಇವತ್ತು ಗಂಟು ಬಿಚ್ಚಿ, ಸಿಪ್ಪೆ ಸುಲಿದು, ಮಗಳ ಪಾಲು ಕದಿಯುವವಳಂತೆ ಅತ್ತಿತ್ತ ನೋಡಿ ಬಾಯಿಗಿಟ್ಟಳು.

ಫೋನಿನಲ್ಲಿ ಇಂಚರಳ ದನಿ ಕೇಳಿಸಿತು: "ಅಮ್ಮಾ, ಒಂಚೂರು ಉಪ್ಪು ಹಾಕ್ಕೊಂಡು ತಿನ್ನು."